ಅಡುಗೆಮನೆಯ ಬಾಗಿಲಲ್ಲಿ ನಿಂತ ನೀರು: ಒಂದು ಘನಫಲ ಪಾಠದ ಅವಲೋಕನ

ತರಗತಿ: 9
ವಿಷಯ: ಗಣಿತ
ಪಾಠಾಂಶ: ಘನಫಲದ ಅನ್ವಯ
ಯೋಜಿಸಿದ ಅವಧಿ: 1
ತೆಗೆದುಕೊಂಡ ಅವಧಿಗಳು: 4

ಮೇಲಿನ ಕೊನೆಯ ಎರಡು ಸಾಲುಗಳ ನಡುವಿನ ಅಂತರವನ್ನು ನಾನು ಅವಲೋಕನ ಪುಸ್ತಕದಲ್ಲಿ ದೋಷವೆಂದೇ ದಾಖಲಿಸಿದ್ದೆ. ಈಗ ಆ ಪುಟವನ್ನು ಮತ್ತೆ ತೆರೆದು ಬರೆಯುತ್ತಿದ್ದೇನೆ. ಇದನ್ನು ಮಾದರಿ ಪಾಠಯೋಜನೆಯೆಂದು ಓದಬೇಡಿ. ಪಾಠ ಎಲ್ಲಿ ತಪ್ಪಿತು, ಅದನ್ನು ನೋಡುತ್ತ ಕುಳಿತಿದ್ದ ನಾನು ಎಲ್ಲಿ ತಪ್ಪಿದೆ ಎಂಬ ಎರಡೂ ಇದರಲ್ಲಿವೆ.

ನಮ್ಮ ಪ್ರಶಿಕ್ಷಣಾರ್ಥಿಗಳ ಒಂದು ತಂಡ ಡಿಸೆಂಬರ್ ತಿಂಗಳಲ್ಲಿ ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ಅಭ್ಯಾಸ ಬೋಧನೆಗೆ ಹೋಗಿತ್ತು. ಮೂರನೆಯ ದಿನ ಬೆಳಿಗ್ಗೆ, ಮಕ್ಕಳು ಹಾಲಿಗೆ ಸಾಲು ನಿಲ್ಲುವ ಹೊತ್ತಿಗೆ, ಅಡುಗೆಯವರಲ್ಲಿ ಹಿರಿಯರಾದವರು ಅಡುಗೆಮನೆಯ ಹೊರಗಿನ ಜಗುಲಿಯಲ್ಲಿ ಜಾರಿ ಬಿದ್ದು ಮಣಿಕಟ್ಟಿನ ಮೂಳೆ ಮುರಿದುಕೊಂಡರು. ಮಕ್ಕಳೆಲ್ಲ ಅವರನ್ನು ಅಕ್ಕ ಎಂದೇ ಕರೆಯುವುದು. ಎದುರಿಗೆ ಸಾಲಿನಲ್ಲಿ ನಿಂತಿದ್ದವರಲ್ಲಿ ಒಂಬತ್ತನೆಯ ತರಗತಿಯವರೂ ಇದ್ದರು. ಎರಡು ದಿನ ಕಳೆದು ಗಣಿತದ ಪ್ರಶಿಕ್ಷಣಾರ್ಥಿ ನನ್ನ ಬಳಿ ಬಂದು, "ಈ ನೀರನ್ನೇ ಘನಫಲದ ಲೆಕ್ಕ ಮಾಡಬಹುದಾ? ಅಕ್ಕ ಬಿದ್ದಿದ್ದನ್ನ ಪಾಠಕ್ಕೆ ಬಳಸಿಕೊಂಡ ಹಾಗಾಗುತ್ತೇನೋ ಅಂತ ಅಳುಕು" ಎಂದರು. ಅಳುಕು ನನಗೂ ಇತ್ತು. ಅಕ್ಕನನ್ನೇ ಕೇಳಿ ಎಂದೆ. ಅವರು ಮನೆಗೆ ಹೋಗಿ ಕೇಳಿದರು. ಕೈಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಅಕ್ಕ ನಕ್ಕು, "ಮಾಡಿ, ನಾಳೆ ಮಕ್ಕಳು ಬೀಳದಿದ್ರೆ ಸಾಕು" ಎಂದರಂತೆ.

ಸಮಸ್ಯೆ ಇಷ್ಟು. ಬೇಸಿಗೆಯಲ್ಲಿ ಪಾತ್ರೆ ತೊಳೆಯುವುದು ಹೊರಗಿನ ನಲ್ಲಿಯ ಹತ್ತಿರ. ಚಳಿಗಾಲದ ಬೆಳಗಿನಲ್ಲಿ ಅಲ್ಲಿ ಮಂಜು, ಕೈ ಕೊರೆಯುವ ನೀರು. ಅದಕ್ಕಿಂತ ಮುಖ್ಯವಾಗಿ ಹಾಲಿನ ಪಾತ್ರೆ ತಣ್ಣೀರಿಗೆ ಬಿಡುವುದಿಲ್ಲ. 2013ರಲ್ಲಿ ಕ್ಷೀರಭಾಗ್ಯ ಯೋಜನೆ ಬಂದಮೇಲೆ ಕೆನೆಭರಿತ ಹಾಲಿನ ಪುಡಿ ಕದಡಿ ಕಾಯಿಸುವ ದೊಡ್ಡ ಡಬರಿಗಳು ಶಾಲೆಯ ಅಡುಗೆಮನೆಗೆ ಸೇರಿವೆ. ತಣ್ಣಗಾದ ಹಾಲಿನ ಕೊಬ್ಬು ಗಟ್ಟಿಯಾಗಿ ತಳಕ್ಕೂ ಅಂಚಿಗೂ ಅಂಟುತ್ತದೆ, ಅದನ್ನು ಬಿಡಿಸಲು ಬಿಸಿನೀರೇ ಬೇಕು. ಬಿಸಿನೀರು ಇರುವುದು ಒಲೆಯ ಹತ್ತಿರ. ಹಾಗಾಗಿ ನವೆಂಬರ್‌ನಿಂದ ಫೆಬ್ರವರಿವರೆಗೆ ಡಬರಿ, ಸೌಟು, ಲೋಟಗಳೆಲ್ಲ ಒಳಗೇ ತೊಳೆಯಲ್ಪಡುತ್ತವೆ. ಅಡುಗೆಮನೆಯ ಹಿಂಗೋಡೆಯಲ್ಲಿ ಮೋರಿಯ ತೂಬು ಇದೆ. ಆದರೆ ನೆಲದ ವಾಟ ಇರುವುದು ಎದುರಿನ ಬಾಗಿಲ ಕಡೆಗೆ. ಗಾರೆ ಕೆಲಸದವರು ಏಕೆ ಹಾಗೆ ಮಾಡಿದರೋ! ಗ್ಯಾಸ್ ಸಿಲಿಂಡರ್ ಉರುಳಿಸಿ ತರಲು ಅನುಕೂಲವಾಗಲೆಂದು ಬಾಗಿಲಿಗೆ ಹೊಸ್ತಿಲನ್ನೂ ಇಟ್ಟಿಲ್ಲ. ಜಿಡ್ಡು, ಸೋಪು ಬೆರೆತ ನೀರು ನೇರ ಜಗುಲಿಗೆ ಬರುತ್ತದೆ.

ಚಳಿಗಾಲದಲ್ಲಿ ಅದು ಒಣಗುವುದಿಲ್ಲ ಏಕೆ ಎಂಬುದನ್ನು ವಿಜ್ಞಾನದ ಪ್ರಶಿಕ್ಷಣಾರ್ಥಿ ಪೂರ್ವಸಿದ್ಧತೆಯಲ್ಲಿ ಲೆಕ್ಕ ಹಾಕಿ ಕೊಟ್ಟಿದ್ದರು. ಈ ಭಾಗ ನನಗೆ ಮೊದಲಿನಿಂದಲೂ ಹಿಡಿಸಿತು. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. 15 ಡಿಗ್ರಿಯಲ್ಲಿ ಹಿಡಿಯುವುದು ಸುಮಾರು 13 ಗ್ರಾಂ ಮಾತ್ರ. ಅಡುಗೆಮನೆ 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರ, ಅಂದರೆ 36 ಘನ ಮೀಟರ್. ಬೆಳಗಿನ 15 ಡಿಗ್ರಿಯಲ್ಲಿ ಗಾಳಿಯ ತೇವಾಂಶ ಆಗಲೇ ಶೇಕಡಾ 80 ಇದೆ ಎಂದು ಇಟ್ಟುಕೊಂಡರೆ ಕೋಣೆಯ ಗಾಳಿಗೆ ಇನ್ನು ಹಿಡಿಸುವುದು 90 ಗ್ರಾಂ ಚಿಲ್ಲರೆ, ಅರ್ಧ ಲೋಟ ನೀರಿಗಿಂತ ಕಡಿಮೆ. ಚೆನ್ನಾಗಿ ಒರೆಸಿದ ನೆಲದ ಮೇಲೆ 0.2 ಮಿಲಿಮೀಟರ್‌ನಷ್ಟು ತೇವದ ಪದರ ಉಳಿದರೂ ಅದು 2.4 ಲೀಟರ್ ಆಗುತ್ತದೆ. ಕಿಟಕಿ ತೆರೆದರೆ, ಒಲೆ ಹೊತ್ತಿಸಿದರೆ ಲೆಕ್ಕ ಬದಲಾಗುತ್ತದೆ, ನಿಜ. ಆದರೆ ಚಳಿಗೆ ಕಿಟಕಿ ಮುಚ್ಚಿರುತ್ತದೆ. ಒಲೆಯ ಮೇಲೆ ಕುದಿಯುವುದೂ ನೀರೇ.

ಮೊದಲ ಅವಧಿ

ಪ್ರಶಿಕ್ಷಣಾರ್ಥಿಯ ಪ್ರಶ್ನೆ ಸರಳವಾಗಿತ್ತು: ತೊಳೆದ ನೀರು ಹೊರಗೆ ಬಾರದಂತೆ ಬಾಗಿಲಿಗೆ ಬದು ಕಟ್ಟಬೇಕಾದರೆ ಅದು ಎಷ್ಟು ಎತ್ತರವಿರಬೇಕು? ಗದ್ದೆ ಇರುವ ಊರಿನ ಮಕ್ಕಳಿಗೆ ಬದು ಎಂದರೆ ಏನೆಂದು ಹೇಳಬೇಕಾಗಿಲ್ಲ.

ಹಿಂದಿನ ದಿನ ಇಬ್ಬರು ವಿದ್ಯಾರ್ಥಿಗಳು ಬಾಗಿಲ ಹೊರಗೆ ನಿಂತು ಬಕೆಟ್ ಎಣಿಸಿದ್ದರು. 15 ಲೀಟರಿನ ಬಕೆಟ್, ಆರು ಸಲ, ಒಟ್ಟು 90 ಲೀಟರ್. ನೆಲ 12 ಚದರ ಮೀಟರ್. ಆಯತಘನದ ಘನಫಲ ಅವರಿಗೆ ಹಿಂದಿನ ತರಗತಿಯಿಂದಲೇ ಗೊತ್ತು. ಆದರೂ ಅರ್ಧ ತರಗತಿ ಏಕಮಾನದಲ್ಲಿ ಎಡವಿತು. ಕೆಲವರು 90ನ್ನು 12ರಿಂದ ಭಾಗಿಸಿ 7.5 ಎಂದು ಬರೆದು, ಮುಂದೆ ಏನು ಬರೆಯುವುದೆಂದು ಪಕ್ಕದವರ ಪುಸ್ತಕ ನೋಡಿದರು. 7.5 ಏನು? ಮೀಟರೇ, ಸೆಂಟಿಮೀಟರೇ?

ಇಲ್ಲಿ ಪ್ರಶಿಕ್ಷಣಾರ್ಥಿ ಮಾಡಿದ್ದು ಚೆನ್ನಾಗಿತ್ತು. ಸೂತ್ರವನ್ನು ಮತ್ತೆ ಬರೆಯಲಿಲ್ಲ. "ನಿಮ್ಮ ಮನೆ ಹತ್ತಿರ ತೋಟದಲ್ಲಿ ಮಳೆ ಅಳೆಯೋರು ಯಾರಿದ್ದಾರೆ?" ಎಂದು ಕೇಳಿದರು. ಕಾಫಿ ತೋಟಗಳಲ್ಲಿ ಮಳೆಮಾಪಕ ಇಟ್ಟು ದಿನದಿನದ ಮಳೆಯನ್ನು ಪುಸ್ತಕದಲ್ಲಿ ಬರೆಯುವ ರೂಢಿ ಹಳೆಯದು. ಐದಾರು ಕೈಗಳು ಎದ್ದವು. "ಒಂದು ಇಂಚು ಮಳೆ ಅಂದ್ರೆ ಒಂದು ಚದರ ಮೀಟರ್ ಅಂಗಳಕ್ಕೆ ಎಷ್ಟು ಲೀಟರ್ ಬಿತ್ತು?" ಇಂಚನ್ನು 2.54 ಸೆಂಟಿಮೀಟರ್ ಮಾಡಿ, ಒಂದು ಚದರ ಮೀಟರನ್ನು 10,000 ಚದರ ಸೆಂಟಿಮೀಟರ್ ಮಾಡಿ, ಗುಣಿಸಿ, 1000ದಿಂದ ಭಾಗಿಸಿದಾಗ 25.4 ಲೀಟರ್ ಬಂತು. ಅಂದರೆ ಒಂದು ಚದರ ಮೀಟರ್ ಮೇಲೆ ಒಂದು ಲೀಟರ್ ಹರಡಿದರೆ ಒಂದು ಮಿಲಿಮೀಟರ್. ಇದನ್ನು ಮಕ್ಕಳೇ ಕಂಡುಕೊಂಡರು. 7.5 ಎಂಬುದು ಮಿಲಿಮೀಟರ್ ಎಂದು ತಿಳಿದ ಕೂಡಲೇ ತರಗತಿ ಒಂದೇ ದನಿಯಲ್ಲಿ, "ಒಂದು ಸೆಂಟಿಮೀಟರ್ ಬದು ಸಾಕು ಮಿಸ್" ಎಂದಿತು.

ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, ಕೈ ಎತ್ತದೆ, "ಅದು ಹಂಗೆ ನಿಲ್ಲಲ್ಲ" ಎಂದ. ಪಕ್ಕದವರು ನಕ್ಕರು. ಪ್ರಶಿಕ್ಷಣಾರ್ಥಿ ಅವನ ಕಡೆ ನೋಡಿ ಏನೋ ಕೇಳಲು ಹೊರಟರು. ಅಷ್ಟರಲ್ಲಿ ಗಂಟೆ ಬಾರಿಸಿತು.

ಆ ದಿನದ ನನ್ನ ಟಿಪ್ಪಣಿ ಹೀಗಿದೆ: "ಪ್ರೇರಣೆ ಉತ್ತಮ. ಏಕಮಾನ ಪರಿವರ್ತನೆಯ ನಿರ್ವಹಣೆ ಉತ್ತಮ. ಉತ್ತರ ಸರಿಯಾಗಿ ಮೂಡಿಬಂದಿದೆ. ಹಿಂದಿನ ಸಾಲಿನ ಶಿಸ್ತಿನ ಕಡೆ ಗಮನ ಅಗತ್ಯ." ತಪ್ಪು ಉತ್ತರವನ್ನು ಸರಿ ಎಂದು ಬರೆದೆ. ಸರಿ ಮಾತನ್ನು ಅಶಿಸ್ತು ಎಂದು ಬರೆದೆ. ಆ ನೆಲದ ಮೇಲೆ ನಾಲ್ಕು ದಿನ ಓಡಾಡಿದ್ದರೂ ಅದನ್ನು ಸಮತಟ್ಟೆಂದು ಭಾವಿಸಿ ಲೆಕ್ಕ ಮಾಡಿದ್ದು ನನಗೆ ಹೊಳೆಯಲಿಲ್ಲ. ನೀರು ಬಾಗಿಲಿಗೆ ಬರುತ್ತದೆ ಎಂಬುದೇ ತಾನೇ ಇಡೀ ಸಮಸ್ಯೆ!

ಎರಡನೆಯ ಅವಧಿ

ಪ್ರಶಿಕ್ಷಣಾರ್ಥಿ ಮರುದಿನ ಹೊಸ ಪಾಠಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ಕಪ್ಪುಹಲಗೆಯ ಮೇಲೆ "ಅದು ಹಂಗೆ ನಿಲ್ಲಲ್ಲ" ಎಂದು ದೊಡ್ಡದಾಗಿ ಬರೆದು, "ಹೇಗೆ ನಿಲ್ಲುತ್ತೆ?" ಎಂದು ಆ ಹುಡುಗನನ್ನೇ ಕರೆದರು. ನಾನು ಗಡಿಯಾರ ನೋಡಿಕೊಂಡೆ.

ಮೇಜಿನ ಮೇಲೆ ಒಂದು ಅಗಲದ ಸ್ಟೀಲ್ ಟ್ರೇ ಇತ್ತು. ಹುಡುಗ ಅದಕ್ಕೆ ಶಾಯಿ ಬೆರೆಸಿದ ನೀರು ಹಾಕಿ, ಒಂದು ತುದಿಯ ಕೆಳಗೆ ನೋಟ್‌ಬುಕ್ ಇಟ್ಟ. ನೀರೆಲ್ಲ ಒಂದು ಕಡೆ ಸರಿದು ಮೇಲಿನ ಅರ್ಧ ಟ್ರೇ ಖಾಲಿಯಾಯಿತು. ಪಕ್ಕದಿಂದ ನೋಡಿದರೆ ನೀರು ಬೆಣೆಯ ಆಕಾರದಲ್ಲಿ ನಿಂತಿತ್ತು, ಒಂದು ತುದಿ ಸೊನ್ನೆ, ಇನ್ನೊಂದು ತುದಿ ದಪ್ಪ. "ಇದು ಆಯತಘನವಾ?" "ಅಲ್ಲ ಮಿಸ್." "ಹಾಗಾದ್ರೆ ಏನು?" ಉತ್ತರ ಬರಲು ಹೊತ್ತಾಯಿತು. ಒಬ್ಬಳು ಡೇರೆಯನ್ನು ಅಡ್ಡ ಮಲಗಿಸಿದ ಹಾಗಿದೆ ಎಂದಳು. ತ್ರಿಭುಜ ಪಟ್ಟಕ ಎಂಬ ಹೆಸರು ಕೊನೆಗೆ ಬಂತು. ಮೊದಲೇ ಬಂದಿದ್ದರೆ ಅಷ್ಟು ಉಪಯೋಗವಾಗುತ್ತಿರಲಿಲ್ಲ.

ನಂತರ ಅಡುಗೆಮನೆಗೆ ಹೋದರು. ಒಲೆ ಆರಿದ ಮೇಲೆ, ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಒಮ್ಮೆಗೆ ಆರು ಮಂದಿಯಂತೆ. ಪ್ರಶಿಕ್ಷಣಾರ್ಥಿಗಳು ಈ ಮೂರರಲ್ಲಿ ಒಂದನ್ನೂ ಬಿಡಬಾರದು. ವಾಟ ಅಳೆಯಲು ಗಾರೆ ಕೆಲಸದವರು ಬಳಸುವ ಪಾರದರ್ಶಕ ಲೆವೆಲ್ ಪೈಪನ್ನೇ ತಂದಿದ್ದರು. ಪೈಪಿಗೆ ನೀರು ತುಂಬಿ ಎರಡೂ ತುದಿಗಳನ್ನು ಎತ್ತಿ ಹಿಡಿದರೆ ಎರಡು ಕಡೆಯ ನೀರೂ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಮೋರಿಯ ಗೋಡೆಯ ಹತ್ತಿರ ನೆಲದಿಂದ 100 ಸೆಂಟಿಮೀಟರ್ ಎತ್ತರಕ್ಕೆ ಗುರುತು ಹಾಕಿ, ಅದೇ ಮಟ್ಟವನ್ನು ಬಾಗಿಲ ಗೋಡೆಗೆ ಸಾಗಿಸಿ ನೆಲದವರೆಗೆ ಅಳೆದರು. ಮೊದಲ ಸಲ 103 ಬಂತು, ಎರಡನೆಯ ಸಲ 104.5. ಪೈಪಿನಲ್ಲಿ ಗಾಳಿಗುಳ್ಳೆ ಉಳಿದಿತ್ತು. ಅದನ್ನು ಕಂಡುಹಿಡಿದದ್ದು ಒಬ್ಬ ಮೇಸ್ತ್ರಿಯ ಮಗಳು. ಗುಳ್ಳೆ ಹೊರಹಾಕಿದ ಮೇಲೆ ಮೂರು ಸಲವೂ 104. ಅಂದರೆ 4 ಮೀಟರಿಗೆ 4 ಸೆಂಟಿಮೀಟರ್ ಇಳಿಜಾರು, ನೂರಕ್ಕೆ ಒಂದು.

ಆ ದಿನ ನಾನು ಬರೆದದ್ದು: "ಪಾಠಯೋಜನೆಯಿಂದ ವಿಚಲನೆ. ಸಮಯ ನಿರ್ವಹಣೆ ದುರ್ಬಲ."

ಮೂರನೆಯ ಅವಧಿ

ಬಾಗಿಲ ಗೋಡೆಗೆ ತಾಗಿ ನೀರಿನ ಎತ್ತರ h ಸೆಂಟಿಮೀಟರ್ ಎಂದಿರಲಿ. ವಾಟ ನೂರಕ್ಕೆ ಒಂದಾದ್ದರಿಂದ ನೀರು ಒಳಗಡೆಗೆ 100h ಸೆಂಟಿಮೀಟರ್ ದೂರ ಚಾಚುತ್ತದೆ. ತ್ರಿಭುಜದ ವಿಸ್ತೀರ್ಣ ½ × h × 100h. ಕೋಣೆಯ ಅಗಲ 300 ಸೆಂಟಿಮೀಟರ್. ಘನಫಲ 15,000h² ಘನ ಸೆಂಟಿಮೀಟರ್. ನೀರು 90,000 ಘನ ಸೆಂಟಿಮೀಟರ್. ಆದ್ದರಿಂದ h² = 6.

ತರಗತಿ ಒಂದು ಕ್ಷಣ ಸುಮ್ಮನಾಯಿತು. ಸಂಖ್ಯಾ ಪದ್ಧತಿಯ ಪಾಠದಲ್ಲಿ √6 ಅಭಾಗಲಬ್ಧ ಸಂಖ್ಯೆ ಎಂದು ಉರು ಹೊಡೆದಿದ್ದ ಮಕ್ಕಳು ಅದನ್ನು ಅಡುಗೆಮನೆಯಲ್ಲಿ ಕಾಣುವ ನಿರೀಕ್ಷೆಯಲ್ಲಿರಲಿಲ್ಲ. 2.4ರ ವರ್ಗ 5.76, 2.5ರ ವರ್ಗ 6.25, ನಡುವೆ ಎಲ್ಲೋ 2.45. ನಿನ್ನೆಯ 7.5 ಮಿಲಿಮೀಟರಿನ ಎದುರು ಇಂದು 24.5 ಮಿಲಿಮೀಟರ್, ಮೂರು ಪಟ್ಟಿಗಿಂತ ಹೆಚ್ಚು. ನೀರು ಒಳಗೆ ಚಾಚುವುದು 2.45 ಮೀಟರ್, ಅಂದರೆ ಕೋಣೆಯ 4 ಮೀಟರಿನೊಳಗೇ. ಇದನ್ನು ಪರೀಕ್ಷಿಸದೆ ಮುಂದೆ ಹೋಗಬಾರದು. ನೀರು ಹಿಂಗೋಡೆಯನ್ನು ಮುಟ್ಟುವಷ್ಟಾದರೆ ಆಕಾರವೇ ಬೇರೆಯಾಗುತ್ತದೆ, ಈ ಸೂತ್ರ ನಡೆಯುವುದಿಲ್ಲ.

"ಮೋರಿಗೆ ಹೋಗೋ ನೀರು ಲೆಕ್ಕಕ್ಕಿಲ್ವಾ ಮಿಸ್?" ಎಂದು ಒಬ್ಬಳು ಕೇಳಿದಳು. "ತೂಬಿಗೆ ಅನ್ನದ ಅಗುಳು ಕಟ್ಟಿಕೊಂಡ ದಿನ ಎಷ್ಟು ಹೋಗುತ್ತೆ?" ಎಂದು ಪ್ರಶಿಕ್ಷಣಾರ್ಥಿ ತಿರುಗಿ ಕೇಳಿದರು. ಎಲ್ಲ ನೀರೂ ಬಾಗಿಲಿಗೇ ಬರುತ್ತದೆಂದು ಹಿಡಿಯುವುದು ಏಕೆ ಕ್ಷೇಮ ಎಂಬುದಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ.

ಆಮೇಲಿನ ಪ್ರಶ್ನೆಯನ್ನು ನಮ್ಮ ಎಲ್ಲ ಪ್ರಶಿಕ್ಷಣಾರ್ಥಿಗಳೂ ಬಳಸಿ ನೋಡಬೇಕೆಂದು ನನ್ನ ಕೋರಿಕೆ. ನೀರು ಎರಡು ಪಟ್ಟಾದರೆ ಬದುವಿನ ಎತ್ತರ ಎಷ್ಟಾಗಬೇಕು? ಹೆಚ್ಚಿನವರು ತಡಮಾಡದೆ "ಎರಡು ಪಟ್ಟು" ಎಂದರು. ಸಮತಟ್ಟಾದ ನೆಲದಲ್ಲಿ ಅದು ಸರಿ. ಇಳಿಜಾರಿನಲ್ಲಿ h² = 12, h ಸುಮಾರು 3.46. ಎರಡು ಪಟ್ಟು ನೀರಿಗೆ ಒಂದೂವರೆ ಪಟ್ಟೂ ಇಲ್ಲ. ಸೂತ್ರ ಹೇಳಿದ್ದನ್ನು ಅವರು ನಂಬಲಿಲ್ಲ. ಟ್ರೇಯಲ್ಲಿ ಮತ್ತೆ ಹಾಕಿ ಸ್ಕೇಲಿನಿಂದ ಅಳೆದ ಮೇಲೆ ನಂಬಿದರು. ಇದು ನನಗೆ ಒಳ್ಳೆಯ ಲಕ್ಷಣವಾಗಿ ಕಾಣುತ್ತದೆ.

ಕೊನೆಗೆ ಮಕ್ಕಳ ತೀರ್ಮಾನ: ನೀರು ಚಿಮ್ಮುವುದಕ್ಕೂ ಸ್ವಲ್ಪ ಜಾಗ ಬಿಟ್ಟು, ಬಾಗಿಲಿಗೆ ಅಡ್ಡಲಾಗಿ 5 ಸೆಂಟಿಮೀಟರ್ ಎತ್ತರದ ಸಿಮೆಂಟ್ ಬದು. ಅಂದವಾದ ಚಿತ್ರ ಬರೆದು, ಲೆಕ್ಕ ಬಿಡಿಸಿ, ಚಾರ್ಟ್ ಮಾಡಿದರು. ಪಾಠ ಇಲ್ಲಿಗೆ ಮುಗಿದಿದ್ದರೂ ಒಳ್ಳೆಯ ಪಾಠವೆಂದೇ ನಾನು ಅಂಕ ಕೊಡುತ್ತಿದ್ದೆ.

ನಾಲ್ಕನೆಯ ಅವಧಿ

ಅಕ್ಕ ಆ ದಿನ ಶಾಲೆಗೆ ಬಂದಿದ್ದರು. ಕೆಲಸಕ್ಕಲ್ಲ. ಅವರ ಬದಲಿಗೆ ಬರುತ್ತಿದ್ದ ಸೊಸೆಗೆ ಸಾಮಾನಿನ ಲೆಕ್ಕ ಹೇಳಿಕೊಡಲು ಬಂದಿದ್ದರು. ಪ್ರಶಿಕ್ಷಣಾರ್ಥಿ ಅವರನ್ನು ತರಗತಿಗೆ ಕರೆದು ಕುರ್ಚಿ ಹಾಕಿ ಕೂರಿಸಿ, ಮಕ್ಕಳಿಂದ ಚಾರ್ಟ್ ವಿವರಿಸಿದರು. ಅಕ್ಕ ಎಲ್ಲ ಕೇಳಿ, "ಲೆಕ್ಕ ಚೆನ್ನಾಗೈತೆ. ಆದ್ರೆ ಮಗಾ, ಕುದಿಯೋ ಸಾರಿನ ಡಬರಿ ಇಬ್ರು ಹಿಡ್ಕಂಡು ಹೊರಗೆ ಬರ್ಬೇಕಾದ್ರೆ ಕಾಲಡಿ ಕಾಣಲ್ಲ. ಅಲ್ಲಿ ಈ ಕಟ್ಟೆ ಇದ್ರೆ ಎಡವಿ ಬೀಳದು ಯಾರು? ಆಗ ಬರೀ ಕೈ ಮುರಿಯಲ್ಲ" ಎಂದರು.

ಯಾರೂ ಮಾತಾಡಲಿಲ್ಲ. ಚಾರ್ಟ್ ಹಿಡಿದಿದ್ದ ಹುಡುಗಿ ಅದನ್ನು ನಿಧಾನವಾಗಿ ಕೆಳಗಿಳಿಸಿದಳು.

ಇಂಥ ಕ್ಷಣದಲ್ಲಿ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ತಾವೇ ಪರಿಹಾರ ಹೇಳಿಬಿಡುತ್ತಾರೆ. ಇವರು, "ಅಕ್ಕ, ನೀವು ತೊಳೆಯೋದನ್ನ ಮೊದಲಿನಿಂದ ಹೇಳ್ತೀರಾ?" ಎಂದು ಕೇಳಿ ಸುಮ್ಮನೆ ನಿಂತರು. ಅಕ್ಕ ಹೇಳುತ್ತಾ ಹೋದಂತೆ ಮಕ್ಕಳು ನೀರನ್ನು ಭಾಗ ಮಾಡತೊಡಗಿದರು. ಡಬರಿಗೆ ನೀರು ಹಾಕಿ ತಿಕ್ಕಿ ನೆಲಕ್ಕೆ ಸುರಿಯುವುದು, ಲೋಟಗಳನ್ನು ನೆಲದ ಮೇಲೆ ಹರವಿ ನೀರು ಎರಚುವುದು. 90 ಲೀಟರಿನಲ್ಲಿ ಬಹುಪಾಲು ನೆಲಕ್ಕೆ ಬೀಳಲೇಬೇಕೆಂದೇನೂ ಇರಲಿಲ್ಲ. ಅಂಟಿದ್ದನ್ನು ಮೊದಲು ಕೆರೆದು ತೆಗೆದು, ಮೋರಿಯ ಪಕ್ಕ ದೊಡ್ಡ ಟಬ್ಬಿನಲ್ಲಿ ಬಿಸಿನೀರು ಇಟ್ಟು ಅದರಲ್ಲೇ ತೊಳೆದು, ಟಬ್ಬನ್ನು ನೇರ ತೂಬಿಗೆ ಬಗ್ಗಿಸಿದರೆ ನೆಲಕ್ಕೆ ಚೆಲ್ಲುವುದು 20 ಲೀಟರ್ ಇರಬಹುದು ಎಂದು ಅಕ್ಕನೇ ಅಂದಾಜು ಕೊಟ್ಟರು. h² = 20,000 ÷ 15,000, ಅಂದರೆ 1.33. h ಸುಮಾರು 1.15 ಸೆಂಟಿಮೀಟರ್.

ಅಷ್ಟಕ್ಕೆ ಸಿಮೆಂಟ್ ಬೇಡ. ಪಂಕ್ಚರ್ ಅಂಗಡಿಯವರ ಮಗನೊಬ್ಬ ಬೈಕಿನ ಹಳೇ ಟ್ಯೂಬನ್ನು ಕತ್ತರಿಸಿ ಮರಳು ತುಂಬಿ ಎರಡೂ ತುದಿ ಕಟ್ಟಿ ತರುತ್ತೇನೆ ಎಂದ. ತೊಳೆಯುವಾಗ ಒಂದು ಮೀಟರ್ ಅಗಲದ ಬಾಗಿಲಿಗೆ ಒಳಗಿನಿಂದ ಒತ್ತಿ ಇಡುವುದು, ವೈಪರ್‌ನಿಂದ ನೀರನ್ನು ಹಿಂದಕ್ಕೆ ಮೋರಿಗೆ ತಳ್ಳುವುದು, ಆಮೇಲೆ ಟ್ಯೂಬ್ ಎತ್ತಿ ಮೊಳೆಗೆ ನೇತುಹಾಕುವುದು. ಅಡುಗೆ ಸಾಗಿಸುವ ಹೊತ್ತಿಗೆ ಬಾಗಿಲಲ್ಲಿ ಏನೂ ಇರುವುದಿಲ್ಲ. ಬಾಗಿಲಲ್ಲಿ ಹಾಸುತ್ತಿದ್ದ ಗೋಣಿಚೀಲವನ್ನು ಏಕೆ ಬಿಡಬೇಕೆಂಬ ಚರ್ಚೆಯೂ ಬಂತು. ಅದು ನೀರು ತಡೆಯುವುದಿಲ್ಲ, ಹೀರಿಕೊಂಡು ಇನ್ನಷ್ಟು ಜಾರುತ್ತದೆ.

ಎರಡು ದಿನದ ನಂತರ ಟ್ಯೂಬ್ ಬಂತು. ಮೊದಲ ಪ್ರಯತ್ನವನ್ನು ಹಳೆಯ ಪದ್ಧತಿಯಲ್ಲೇ, ಪೂರ್ತಿ 90 ಲೀಟರಿನಿಂದ ಮಾಡಿಸಿದರು. ಸ್ಕೇಲಿಟ್ಟಾಗ ನೀರು ನಿಂತದ್ದು 2 ಸೆಂಟಿಮೀಟರ್. ಲೆಕ್ಕ ಹೇಳಿದ್ದಕ್ಕಿಂತ ಕಡಿಮೆ. ತೂಬಿಗೆ ಸ್ವಲ್ಪ ಹೋಗಿತ್ತು, ಟ್ಯೂಬಿನ ಒಂದು ತುದಿಯಲ್ಲಿ ಸ್ವಲ್ಪ ಜಿನುಗಿತ್ತು. ಲೆಕ್ಕಕ್ಕೂ ಅಳತೆಗೂ ನಡುವಿನ ಆ ಅರ್ಧ ಸೆಂಟಿಮೀಟರಿಗೆ ಕಾರಣ ಬರೆಯುವುದೇ ಅಂದಿನ ಗೃಹಪಾಠವಾಯಿತು.

ಮೂರನೆಯ ಅವಧಿಯಲ್ಲೇ ಲೆಕ್ಕ ಬೇಗ ಮುಗಿಸಿದ ಮಕ್ಕಳಿಗೆ ಒಂದು ವಿಸ್ತರಣಾ ಪ್ರಶ್ನೆ ಕೊಟ್ಟಿದ್ದರು, ಅದನ್ನೂ ಇಲ್ಲಿ ದಾಖಲಿಸುತ್ತೇನೆ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲದಲ್ಲಿ ಕಾರು, ಉಪಕರಣಗಳನ್ನು ಹೊರಗೆ ತೊಳೆದರೆ ನೀರು ನೆಲದ ಮೇಲೇ ಹೆಪ್ಪುಗಟ್ಟುತ್ತದೆ. ಗ್ಯಾರೇಜಿನೊಳಗೆ ತೊಳೆದರೂ ಬಾಗಿಲಡಿ ಹರಿದು ಹೋದ ನೀರು ಹೊರಗೆ ಮಂಜುಗಡ್ಡೆಯಾಗಿ ಜಾರುತ್ತದೆ. ಹಾಗಾಗಿ ಸುತ್ತಲೂ ಅಂಚು ಎತ್ತರಿಸಿದ ಹಾಸುಗಳನ್ನು ಹಾಸುತ್ತಾರೆ. 6 ಮೀಟರ್ ಉದ್ದ, 2.5 ಮೀಟರ್ ಅಗಲ, 3 ಸೆಂಟಿಮೀಟರ್ ಅಂಚಿನ ಹಾಸು ಸಮತಟ್ಟು ನೆಲದಲ್ಲಿ ಎಷ್ಟು ಹಿಡಿಯುತ್ತದೆ? 450 ಲೀಟರ್. ಉದ್ದಕ್ಕೆ ನೂರಕ್ಕೆ ಒಂದು ವಾಟವಿರುವ ನೆಲದಲ್ಲಿ? ನೀರು 3 ಮೀಟರ್ ಮಾತ್ರ ಚಾಚುತ್ತದೆ, ಹಿಡಿಯುವುದು 112.5 ಲೀಟರ್, ಸರಿಯಾಗಿ ಕಾಲು ಭಾಗ. ಕಾಲು ಭಾಗವೇ ಏಕೆ ಎಂಬುದನ್ನು ಬೀಜಗಣಿತವಿಲ್ಲದೆ, ಚಿತ್ರ ಬರೆದೇ ಇಬ್ಬರು ತೋರಿಸಿದರು: ಅರ್ಧ ಉದ್ದ, ಅದರಲ್ಲೂ ಅರ್ಧ ಆಕಾರ.

ಅವಲೋಕನ ಪುಸ್ತಕದ ಮೊದಲ ಎರಡು ಟಿಪ್ಪಣಿಗಳನ್ನು ನಾನು ಹೊಡೆದುಹಾಕಿಲ್ಲ. ಅವುಗಳ ಕೆಳಗೆ ಬೇರೆ ಶಾಯಿಯಲ್ಲಿ ಬರೆದು ಸಹಿ ಮಾಡಿದ್ದೇನೆ. ಸಮಯ ನಿರ್ವಹಣೆಯ ಮಾತು ಪೂರ್ತಿ ಸುಳ್ಳೂ ಅಲ್ಲ. ನಾಲ್ಕು ಅವಧಿ ಹೋದದ್ದರಿಂದ ಒಂದು ಕಲಿಕಾಂಶ ಉಳಿದುಹೋಯಿತು, ಅದನ್ನು ಶಾಲೆಯ ಗಣಿತ ಶಿಕ್ಷಕರು ಜನವರಿಯಲ್ಲಿ ಮುಗಿಸಬೇಕಾಯಿತು. ಇದನ್ನು ಮತ್ತೆ ಮಾಡುವವರು ಬಕೆಟ್ ಎಣಿಕೆ, ಪೈಪಿನ ಅಳತೆ ಎರಡನ್ನೂ ತರಗತಿಯ ಹೊರಗೇ ಮುಗಿಸಿಕೊಂಡರೆ ಎರಡೂವರೆ ಅವಧಿಯಲ್ಲಿ ಸಾಧ್ಯ. ಅಡುಗೆಯವರನ್ನು ಮಾತ್ರ ಕೊನೆಗೆ ಕರೆಯಬೇಡಿ, ಮೊದಲೇ ಕರೆಯಿರಿ.

ನಮ್ಮ ತಂಡ ಶಾಲೆಯಿಂದ ಹೊರಡುವ ದಿನ ಮುಖ್ಯೋಪಾಧ್ಯಾಯರು, ನೆಲದ ವಾಟವನ್ನೇ ತಿರುಗಿಸಿ ಹಾಕಿಸಲು ಎಸ್‌ಡಿಎಂಸಿ ಸಭೆಯಲ್ಲಿ ಇಡುತ್ತೇನೆ, ಎಷ್ಟು ಕಾಂಕ್ರೀಟ್ ಬೇಕಾದೀತು ಎಂದು ತರಗತಿಯನ್ನು ಕೇಳಿದರು. ಬಾಗಿಲ ಕಡೆ ಈಗ 4 ಸೆಂಟಿಮೀಟರ್ ತಗ್ಗು. ಅಷ್ಟೇ ವಾಟ ಮೋರಿಯ ಕಡೆಗೆ ಬರಬೇಕಾದರೆ ಬಾಗಿಲಲ್ಲಿ 8 ಸೆಂಟಿಮೀಟರ್ ಏರಿಸಿ ಮೋರಿಯ ಹತ್ತಿರ ಸೊನ್ನೆಗೆ ತರಬೇಕು. ಮತ್ತೆ ಅದೇ ಬೆಣೆ: ½ × 0.08 × 4 × 3 = 0.48 ಘನ ಮೀಟರ್. ಮಕ್ಕಳು ಎರಡು ನಿಮಿಷದಲ್ಲಿ ಹೇಳಿದರು. ಮುಖ್ಯೋಪಾಧ್ಯಾಯರು ಅದನ್ನು ಬರೆದುಕೊಳ್ಳುತ್ತಿರುವಾಗ ಅಂದು ಚಾರ್ಟ್ ಹಿಡಿದಿದ್ದ ಹುಡುಗಿ ಎದ್ದು ನಿಂತು, "ಸಾರ್, ಆಗ ಬಾಗಿಲಲ್ಲಿ ಎಂಟು ಸೆಂಟಿಮೀಟರ್ ಮೆಟ್ಟಿಲಾಗುತ್ತೆ. ಅಕ್ಕನ್ನ ಕೇಳಿ ಆಮೇಲೆ ಬರ್ಕೊಳಿ" ಎಂದಳು.